ಹಾಜರಿ ಪುಸ್ತಕದ ಎಲ್ಲ ಹೆಸರುಗಳು

ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಸ್ಥಳೀಯ ಪತ್ರಿಕೆಗಳನ್ನು ಬಿಡಿಸಿದರೆ ಒಳಪುಟದಲ್ಲಿ ಆಗಾಗ ಒಂದು ಚಿತ್ರ ಸಿಗುತ್ತದೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಪೇಟ ತೊಟ್ಟು, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತ ಐದಾರು ಮಂದಿ ವೃದ್ಧರು. ಅವರ ಹಿಂದೆ ಮೂರು ಸಾಲುಗಳಲ್ಲಿ ಒತ್ತಿಕೊಂಡು ನಿಂತ ನಡುವಯಸ್ಸಿನ ಗಂಡಸರು, ಹೆಂಗಸರು. ಇಂಥ ಶಾಲೆಯ ಇಂಥ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಂದ ಗುರುವಂದನೆ ಎಂಬ ಶೀರ್ಷಿಕೆ. ಒಂದು ಕಾಲಕ್ಕೆ ಅಪರೂಪವಾಗಿದ್ದ ಈ ಸಮಾರಂಭ ಈಗ ಶಿವಮೊಗ್ಗ, ಭದ್ರಾವತಿ ಎಂಬ ನಮ್ಮ ಎರಡೂ ಊರುಗಳ ರೂಢಿಯೇ ಆಗಿಬಿಟ್ಟಿದೆ. ಓದುಗರಲ್ಲಿ ಬಹುಪಾಲು ಜನ ಇಂಥ ಒಂದು ಚಿತ್ರದಲ್ಲಿ ಕುಳಿತಿರಬಹುದು, ಇಲ್ಲವೇ ನಿಂತಿರಬಹುದು. ಸಂತೋಷದ ಸಂಗತಿ, ಅನುಮಾನವಿಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಮುಂದೆ ಹೋಗುವ ಹಾಗಿಲ್ಲ. ಒಂದೇ ಊರಿನ ಮೇಷ್ಟ್ರೂ ಶಿಷ್ಯರೂ ಮತ್ತೆ ಮುಖಾಮುಖಿಯಾಗಲು ಆಹ್ವಾನ ಪತ್ರಿಕೆ ಅಚ್ಚು ಹಾಕಿಸಬೇಕಾದ ಕಾಲ ಯಾವಾಗ ಬಂತು, ಯಾಕೆ ಬಂತು? ಇದಕ್ಕೆ ಉತ್ತರ ಹುಡುಕಹೊರಟರೆ ಅದು ಶಾಲೆಯ ಕಥೆಯಾಗಿ ಉಳಿಯುವುದಿಲ್ಲ. ಭದ್ರಾವತಿಯ, ಅದರ ಬೆನ್ನಿಗೇ ಶಿವಮೊಗ್ಗದ, ನೂರು ವರ್ಷಗಳ ಲೆಕ್ಕವಾಗುತ್ತದೆ.

ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿ ಕೈಗಾರಿಕಾ ನಗರವಾಗಿ ಬೆಳೆಯತೊಡಗಿದ್ದು ಮೈಸೂರು ಕಬ್ಬಿಣದ ಕಾರ್ಖಾನೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಕೈಗೆತ್ತಿಕೊಂಡ ಕೆಲಸ 1923ರ ಹೊತ್ತಿಗೆ ಉತ್ಪಾದನೆಗೆ ಬಂತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಸರ್ ಎಂ. ವಿಶ್ವೇಶ್ವರಯ್ಯನವರ ಹಟ, ಇವು ನಾಲ್ಕೂ ಕೂಡಿದ್ದರಿಂದ ಆದದ್ದು ಅದು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕುಲುಮೆಯ ಕೆಲಸಕ್ಕೆಂದು ತಮಿಳರು ಬಂದರು, ತೆಲುಗರು ಬಂದರು, ಬಯಲುಸೀಮೆಯಿಂದ ರೈತರ ಮಕ್ಕಳು ಬಂದರು. ಕ್ವಾರ್ಟರ್ಸ್ ಎದ್ದವು, ಆಸ್ಪತ್ರೆ ಎದ್ದಿತು, ಶಾಲೆಗಳು ಎದ್ದವು. ಹಳೇನಗರ, ನ್ಯೂಟೌನ್, ಕಾಗದನಗರ ಎಂದು ಊರು ಮೂರು ಕಡೆಗೆ ಚಾಚಿಕೊಂಡಿತು. ಮನೆಯಲ್ಲಿ ನಾಲ್ಕು ನುಡಿ ಆಡುವ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡದ ಕಾಗುಣಿತ ತಿದ್ದಿದ್ದು ಆ ಶಾಲೆಗಳಲ್ಲಿ. ಅಲ್ಲಿಗೆ ಬಂದ ಮೇಷ್ಟ್ರುಗಳಲ್ಲೂ ಬಹಳ ಮಂದಿ ಹೊರಗಿನವರೇ. ಅವರಿಗೆ ಊರು ಹೊಸದು, ಮಕ್ಕಳಿಗೆ ಪಾಠ ಹೊಸದು, ಊರಿಗೆ ಊರೇ ಹೊಸದು.

ಆ ಊರಿನಲ್ಲಿ ಗುರು ಶಿಷ್ಯರ ಪುನರ್ಮಿಲನ ಎಂಬುದೊಂದು ಇರಲಿಲ್ಲ, ಏಕೆಂದರೆ ಅಗಲಿಕೆಯೇ ಇರಲಿಲ್ಲ. ಹತ್ತನೆಯ ತರಗತಿ ಪಾಸಾದವನು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಅಪ್ಪ ಹೋಗುತ್ತಿದ್ದ ಗೇಟಿನಲ್ಲೇ ಒಳಗೆ ಹೋಗುತ್ತಿದ್ದ. ಪಾಸಾಗದವನಿಗೂ ಅದೇ ಗೇಟಿನ ಆಸುಪಾಸಿನಲ್ಲಿ ಒಂದು ಕೂಲಿ, ಒಂದು ಅಂಗಡಿ, ಒಂದು ಲಾರಿಯ ಕೆಲಸ ಇರುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಬರುವಾಗ ಶಾಲೆಯಿಂದ ಮನೆಗೆ ನಡೆದು ಹೋಗುತ್ತಿದ್ದ ಮೇಷ್ಟ್ರು ಎದುರಾದರೆ ಹುಡುಗ ಸೈಕಲ್ ಇಳಿಯುತ್ತಿದ್ದ. "ಯಾವ ಸೆಕ್ಷನ್ನಿಗೆ ಹಾಕಿದಾರೋ ನಿನ್ನ?" ಎಂದು ಅವರು ಕೇಳುತ್ತಿದ್ದರು. ಅವನ ಮಗನನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳುವ ಹೊತ್ತಿಗೂ ಎಷ್ಟೋ ಮೇಷ್ಟ್ರುಗಳು ಅದೇ ಶಾಲೆಯಲ್ಲಿರುತ್ತಿದ್ದರು. ಗುರುತು ಹಿಡಿಯುವುದಕ್ಕೆ ಅವರಿಗೆ ಮುಖವೂ ಬೇಕಿರಲಿಲ್ಲ. ಅಪ್ಪ ಫೋರ್ಜ್ ಪ್ಲಾಂಟಿನವರೋ ಬಾರ್ ಮಿಲ್ಲಿನವರೋ, ಅಣ್ಣ ಯಾವ ವರ್ಷ ಓದಿದ, ಮನೆ ಯಾವ ಸಾಲಿನದು ಎಂಬ ಮೂರು ಮಾತು ಸಾಕಾಗುತ್ತಿತ್ತು. ಇಂದು ಗುರುವಂದನೆಯ ವೇದಿಕೆಯ ಮೇಲೆ ಎಂಬತ್ತು ದಾಟಿದ ಮೇಷ್ಟ್ರು ಬೋಳುತಲೆಯ ಶಿಷ್ಯನನ್ನು ಅರೆಕ್ಷಣ ನೋಡಿ, "ನೀನು ಇಂಥವನ ತಮ್ಮ ಅಲ್ಲವೇನೋ" ಎಂದಾಗ ಸಭೆ ಬೆರಗಾಗುತ್ತದೆ. ಅದು ಒಬ್ಬರ ಜ್ಞಾಪಕಶಕ್ತಿಯ ಹೆಚ್ಚುಗಾರಿಕೆ ಮಾತ್ರವಲ್ಲ. ಒಬ್ಬರನ್ನೊಬ್ಬರು ದಿನಾ ನೋಡುತ್ತಿದ್ದ ಊರೊಂದು ಅವರ ತಲೆಯಲ್ಲಿ ಇನ್ನೂ ಹಾಗೇ ಇದೆ.

ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳಿ ಮುಗಿಸುವುದು ಸುಲಭ, ಪ್ರಾಮಾಣಿಕತೆ ಮಾತ್ರ ಆಗುವುದಿಲ್ಲ. ಕ್ವಾರ್ಟರ್ಸ್‌ನ ಬೀದಿಯ ಹೆಸರು ಹೇಳಿದರೆ ಅಪ್ಪನ ದರ್ಜೆ ಗೊತ್ತಾಗುತ್ತಿದ್ದ ಊರು ಅದು. ಅಧಿಕಾರಿಯ ಮಗನೂ ಖಲಾಸಿಯ ಮಗನೂ ಒಂದೇ ಕೋಣೆಯಲ್ಲಿ ಕುಳಿತರೂ ಬೆತ್ತ ಇಬ್ಬರ ಅಂಗೈಗೂ ಒಂದೇ ರಭಸದಲ್ಲಿ ಬೀಳುತ್ತಿತ್ತೇ ಎಂಬುದನ್ನು ಆ ತಲೆಮಾರಿನವರು ತಮ್ಮನ್ನೇ ಕೇಳಿಕೊಳ್ಳಲಿ. ಹೆಣ್ಣುಮಕ್ಕಳ ಓದು ಎಷ್ಟೋ ಮನೆಗಳಲ್ಲಿ ಏಳನೆಯ ತರಗತಿಗೆ ನಿಲ್ಲುತ್ತಿತ್ತು. ಅಪ್ಪನ ಕೆಲಸವೇ ಮಗನಿಗೆ ಎಂಬ ಭರವಸೆಯ ಇನ್ನೊಂದು ಮುಖ, ಅಪ್ಪನ ಕೆಲಸಕ್ಕಿಂತ ಬೇರೆಯದು ಮಗನಿಗೆ ಬೇಡ ಎಂಬ ಬೇಲಿಯೂ ಆಗಿತ್ತು. ಹತ್ತಿರದಲ್ಲಿದ್ದವರೆಲ್ಲ ಆತ್ಮೀಯರಾಗಿದ್ದರು ಎನ್ನಲಾಗದು. ಆದರೆ ಶಾಲೆ ಕೊಟ್ಟ ಮಾತು ಮತ್ತು ಊರು ಕೊಟ್ಟ ಮಾತು ಒಂದೇ ಆಗಿತ್ತು. ಓದು, ನಿನಗಿಲ್ಲಿ ಒಂದು ಬದುಕು ಇದೆ ಎಂಬ ಆ ಮಾತನ್ನು ಮೇಷ್ಟ್ರು ಹೇಳುತ್ತಿದ್ದರು. ಕಾರ್ಖಾನೆಯ ಸೈರನ್ ದಿನಕ್ಕೆ ಮೂರು ಪಾಳಿಯಲ್ಲಿ ಅದನ್ನು ಅನುಮೋದಿಸುತ್ತಿತ್ತು.

ಮುಂದಕ್ಕೆ ಓದಬೇಕೆಂದವರು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ಶಿವಮೊಗ್ಗಕ್ಕೆ ಬೀರೂರಿನ ಕಡೆಯಿಂದ ಬರುವ ರೈಲು ಹತ್ತುತ್ತಿದ್ದರು. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಗಿ ಮುಂದೆ ಸಹ್ಯಾದ್ರಿ ಎಂದು ಹೆಸರಾದ ಕಾಲೇಜು ಅವರಿಗೆ ಬೇರೊಂದು ಬಗೆಯ ಮೇಷ್ಟ್ರನ್ನು ತೋರಿಸಿತು. ಕೊನಗವಳ್ಳಿಯ ಪಿ. ಲಂಕೇಶ್ ಅಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಅರವತ್ತರ ದಶಕದ ಕೊನೆಯಲ್ಲೂ ಎಪ್ಪತ್ತರ ದಶಕದ ಮೊದಲಲ್ಲೂ ಕೆ.ಎಸ್. ನಿಸಾರ್ ಅಹಮದ್ ಅಲ್ಲಿ ಭೂವಿಜ್ಞಾನ ಕಲಿಸಿದರು. ಇಂಥವರ ಶಿಷ್ಯರಾಗಿದ್ದವರಿಗೆ ಪುನರ್ಮಿಲನವಾದದ್ದು ಬೀದಿಯಲ್ಲಲ್ಲ, ಅಚ್ಚಿನಲ್ಲಿ. ಕಲ್ಲಿನ ಪದರಗಳನ್ನು ಬಿಡಿಸಿ ಹೇಳುತ್ತಿದ್ದ ಮೇಷ್ಟ್ರು ಕೆಲವೇ ವರ್ಷಗಳಲ್ಲಿ 'ನಿತ್ಯೋತ್ಸವ'ದ ಕ್ಯಾಸೆಟ್ಟಿನಿಂದ ಹಾಡಾಗಿ ಕೇಳಿಬಂದರು. ಇಂಗ್ಲಿಷ್ ಪಾಠ ಮಾಡುತ್ತಿದ್ದವರು ವಾರವಾರವೂ ಪತ್ರಿಕೆಯ ಪುಟದಲ್ಲಿ ಎದುರಾಗಿ ಜಗಳಕ್ಕೆ ಕರೆದರು. ಹಳೆಯ ವಿದ್ಯಾರ್ಥಿ ಈಗ ಓದುಗನಾಗಿದ್ದ, ಒಪ್ಪದಿರುವ ಹಕ್ಕನ್ನೂ ಪಡೆದಿದ್ದ. ಮೇಷ್ಟ್ರ ಎದುರು ಸೈಕಲ್ ಇಳಿಯುವ ವಿನಯಕ್ಕಿಂತ ಇದು ಕಡಿಮೆಯ ಸಂಬಂಧವೇನಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿ, ದೇಶೀಯ ವಿದ್ಯಾಶಾಲೆಯಂಥ ಊರವರೇ ಕಟ್ಟಿದ ಸಂಸ್ಥೆಗಳು, 1930ರಷ್ಟು ಹಳೆಯದಾದ ಕರ್ನಾಟಕ ಸಂಘ, ಇವುಗಳ ಸಭೆಗಳಲ್ಲಿ ಮೇಷ್ಟ್ರು ವೇದಿಕೆಯ ಮೇಲೂ ಶಿಷ್ಯ ಎದುರು ಕುರ್ಚಿಯಲ್ಲೂ ವರ್ಷಗಟ್ಟಲೆ ಭೇಟಿಯಾದರು. ಒಂದೊಂದು ಸಲ ಸ್ಥಾನ ಅದಲು ಬದಲೂ ಆಯಿತು.

ಈ ಜಿಲ್ಲೆಯ ನೆನಪಿನಲ್ಲಿ ಗುರುವಿನ ಬಳಿಗೆ ಶಿಷ್ಯ ಹಿಂದಿರುಗಿದ ಎಲ್ಲಕ್ಕಿಂತ ದೊಡ್ಡ ಪ್ರಸಂಗ ನಡೆದದ್ದು ಕಾವ್ಯದೊಳಗೆ. ಕುಪ್ಪಳಿಯ ಕುವೆಂಪು ಅವರಿಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಗುರುವಾಗಿದ್ದವರು ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು. ಅವರು 1939ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷಕ್ಕೆ, 1949ರಲ್ಲಿ, 'ಶ್ರೀ ರಾಮಾಯಣ ದರ್ಶನಂ' ಹೊರಬಂದಾಗ ಶಿಷ್ಯ ಅದನ್ನು ಅರ್ಪಿಸಿದ್ದು ಆ ಗುರುವಿಗೆ. ಹಿಡಿದ ಕೆಲಸ ಮುಗಿಯಿತೆಂದು, ಇಲ್ಲದ ಗುರುವಿನ ಎದುರು ನಿಂತು ಒಪ್ಪಿಸಿದ ಲೆಕ್ಕ ಅದು. ಶಾಲು, ಹಾರ, ಫಲಕ ಒಂದೂ ಇಲ್ಲದ ಗುರುವಂದನೆ. ಮುಂದೆ ಕುವೆಂಪು ಅವರ ತರಗತಿಯಲ್ಲಿ ಶಿಕಾರಿಪುರ ಸೀಮೆಯ ಶಾಲಾ ಮೇಷ್ಟ್ರ ಮಗ ಜಿ.ಎಸ್. ಶಿವರುದ್ರಪ್ಪ ಕುಳಿತರು. ಗುರುವಿಗೆ 1964ರಲ್ಲಿ ಸಂದ ರಾಷ್ಟ್ರಕವಿ ಪದವಿ ಶಿಷ್ಯನಿಗೆ 2006ರಲ್ಲಿ ಬಂತು. ಕನ್ನಡದ ಮೂವರು ರಾಷ್ಟ್ರಕವಿಗಳಲ್ಲಿ ಇಬ್ಬರು ಒಂದೇ ಜಿಲ್ಲೆಯವರು, ಅವರೂ ಗುರು ಶಿಷ್ಯರು. ಈ ಪರಂಪರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಕಲಿಸುವ ಪಾಠ ಒಂದಿದೆ. ಶಿಷ್ಯ ಗುರುವನ್ನು ಕಾಣಲು ಹೋಗುವುದು ಗುರುವನ್ನು ಹೊಗಳುವುದಕ್ಕಲ್ಲ, ತಾನು ಮಾಡಿದ್ದನ್ನು ತೋರಿಸುವುದಕ್ಕೆ.

1987ರಲ್ಲಿ ಕುವೆಂಪು ಅವರ ಹೆಸರಿನ ವಿಶ್ವವಿದ್ಯಾಲಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಯೂರಿತು. ಉನ್ನತ ಶಿಕ್ಷಣ ಮನೆಬಾಗಿಲಿಗೆ ಬಂತೆಂದು ಎರಡೂ ಊರುಗಳು ಹಿಗ್ಗಿದವು. ಎರಡು ವರ್ಷ ಕಳೆಯುವುದರೊಳಗೆ, 1989ರಲ್ಲಿ, ಅಷ್ಟರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ಉಕ್ಕಿನ ಕಾರ್ಖಾನೆಯಾಗಿದ್ದ ಅದೇ ಕಬ್ಬಿಣದ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 1998ರಲ್ಲಿ ಅದರಲ್ಲಿ ವಿಲೀನವೇ ಆಯಿತು. ಆಗ ಕೊಟ್ಟ ಭರವಸೆಗಳೆಲ್ಲ ಬಂಡವಾಳದ್ದು, ಆಧುನೀಕರಣದ್ದು. ಆಮೇಲಿನ ಮೂವತ್ತು ವರ್ಷಗಳಲ್ಲಿ ಊರು ಕಂಡಿದ್ದು ನಿವೃತ್ತರ ಜಾಗ ತುಂಬದ ಪಟ್ಟಿ, ಹೆಚ್ಚುತ್ತ ಹೋದ ಗುತ್ತಿಗೆ ಕಾರ್ಮಿಕರು, ಒಂದೊಂದಾಗಿ ತಣ್ಣಗಾದ ವಿಭಾಗಗಳು. ಶಾಲೆ ಮಾತ್ರ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಮೇಷ್ಟ್ರು ಮೊದಲಿಗಿಂತ ಚೆನ್ನಾಗಿ ಕಲಿಸಿದರು, ಮಕ್ಕಳು ಮೊದಲಿಗಿಂತ ಹೆಚ್ಚು ಅಂಕ ತೆಗೆದರು, ತೆಗೆದವರು ಬೆಂಗಳೂರಿನ ಬಸ್ಸು ಹತ್ತಿದರು. 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ಭದ್ರಾವತಿ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಪಕ್ಕದ ಶಿವಮೊಗ್ಗ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತ್ತು. ನಾಡಿನ ಬಹುಪಾಲು ಊರುಗಳು ಬೆಳೆಯುತ್ತಿದ್ದ ದಶಕದಲ್ಲಿ ಒಂದು ಊರು ಕುಗ್ಗಿತೆಂದರೆ, ಅದರ ತರಗತಿಗಳೇ ಖಾಲಿಯಾಗುತ್ತಿದ್ದವು ಎಂದು ಅರ್ಥ. ನಿವೃತ್ತರಾದ ಮೇಷ್ಟ್ರುಗಳಲ್ಲಿ ಕೆಲವರು ಶಿವಮೊಗ್ಗದಲ್ಲಿ ಮನೆ ಕಟ್ಟಿಕೊಂಡರು, ಕೆಲವರು ಮಗನ ಜೊತೆಗೋ ಮಗಳ ಜೊತೆಗೋ ಬೆಂಗಳೂರು ಸೇರಿದರು. ಸೈಕಲ್ ಇಳಿಯುವ ಹುಡುಗನೂ ಇಲ್ಲ, ನಡೆದು ಹೋಗುವ ಮೇಷ್ಟ್ರೂ ಇಲ್ಲ. ಗುರುವಂದನೆ ಹುಟ್ಟಿದ್ದು ಈ ಜಾಗದಲ್ಲಿ.

ಅದರ ಹುಟ್ಟಿಗೆ ವಾಟ್ಸ್ಆ್ಯಪ್ ಸೂಲಗಿತ್ತಿ. ಯಾರೋ ಒಬ್ಬ ಗುಂಪು ಕಟ್ಟುತ್ತಾನೆ, ಹತ್ತು ಜನ ನಲವತ್ತಾಗುತ್ತಾರೆ, ಹಳೆಯ ಗ್ರೂಪ್ ಫೋಟೊ ಹೊರಬರುತ್ತದೆ, ದಿನ ನಿಗದಿಯಾಗುತ್ತದೆ, ವಂತಿಗೆ ಸೇರುತ್ತದೆ. ಇದರಿಂದಾದ ಲಾಭ ಸಣ್ಣದಲ್ಲ. ಶಾಲೆಯಲ್ಲಿ ಹುಡುಗರ ಜೊತೆ ಒಂದು ಮಾತೂ ಆಡದಿದ್ದ ಹೆಣ್ಣುಮಕ್ಕಳು ಈಗ ಮೈಕು ಹಿಡಿದು ಕಾರ್ಯಕ್ರಮ ನಿರೂಪಿಸುತ್ತಾರೆ. ಮದುವೆಯಾಗಿ ಹೆಸರಿನ ಬಾಲ ಬದಲಾಗಿ ಕಳೆದುಹೋಗಿದ್ದ ಗೆಳತಿಯನ್ನು ಹುಡುಕಿ ತರುತ್ತಾರೆ. ಸಂಬಳ ಕಡಿಮೆಯಿದ್ದ ಕಾಲದಲ್ಲಿ ದುಡಿದು, ಪಿಂಚಣಿಯಲ್ಲಿ ಬದುಕುತ್ತಿರುವ, ಎಷ್ಟೋ ಸಲ ಒಂಟಿಯಾಗಿರುವ ಟೀಚರುಗಳಿಗೆ ತಾವು ಬದುಕಿದ್ದು ಯಾರಿಗೋ ನೆನಪಿದೆ ಎಂದು ಗೊತ್ತಾಗುತ್ತದೆ. ಸಮಾರಂಭ ಮುಗಿದ ಮೇಲೂ ಗುಂಪು ಉಳಿಯುತ್ತದೆ. ಮೇಷ್ಟ್ರಿಗೆ ಆಪರೇಷನ್ ಆದರೆ ರಕ್ತ ಕೊಡಲು ನಾಲ್ವರು ಬರುತ್ತಾರೆ. ಸಹಪಾಠಿಯೊಬ್ಬ ತೀರಿಕೊಂಡರೆ ಅವನ ಮಕ್ಕಳ ಫೀಜು ಕಟ್ಟಲಾಗುತ್ತದೆ. ಊರು ಬಿಡಿಸಿಹಾಕಿದ್ದನ್ನು ಫೋನು ಅಷ್ಟಿಷ್ಟು ಹೊಲಿದಿದೆ, ಅದನ್ನು ಅಲ್ಲಗಳೆಯುವವರು ಕೃತಘ್ನರು.

ಆದರೆ ಈ ಸಭೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಒಪ್ಪಲು ಮನಸ್ಸಾಗುವುದಿಲ್ಲ. ಮೈಕಿನ ಮುಂದೆ ನಿಂತ ಇಂಜಿನಿಯರೋ ಉದ್ಯಮಿಯೋ, "ನೀವು ಅವತ್ತು ಬೆತ್ತದಲ್ಲಿ ಹೊಡೆದಿದ್ದಕ್ಕೇ ಸಾರ್ ನಾವು ಇವತ್ತು ಮನುಷ್ಯರಾದದ್ದು" ಎನ್ನುತ್ತಾನೆ. ಚಪ್ಪಾಳೆ ಬೀಳುತ್ತದೆ. ಎಷ್ಟೋ ಸಲ ಮೇಷ್ಟ್ರ ಮುಖದಲ್ಲಿ ಮಾತ್ರ ಆ ಸಂಭ್ರಮ ಇರುವುದಿಲ್ಲ. "ಹಾಗೆ ಹೊಡೆಯಬಾರದಿತ್ತು ಕಣಪ್ಪ" ಎಂದು ಮೈಕಿಲ್ಲದಾಗ ಹೇಳಿದವರೂ ಇದ್ದಾರೆ. ಮಕ್ಕಳನ್ನು ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಅದನ್ನು ಲೇವಡಿ ಮಾಡುವವರು ಒಂದು ಸಂಗತಿ ಮರೆಯುತ್ತಾರೆ. ಬೆತ್ತದಿಂದ ಉದ್ಧಾರವಾದೆ ಎಂದು ಸಾಕ್ಷಿ ಹೇಳಲು ಬಂದವರು ಬೆತ್ತವನ್ನು ತಾಳಿಕೊಂಡು ಉಳಿದವರು. ಬೆತ್ತಕ್ಕೆ ಹೆದರಿ ಏಳರಲ್ಲೋ ಎಂಟರಲ್ಲೋ ಶಾಲೆ ಬಿಟ್ಟವನು ಆ ಸಭೆಯಲ್ಲಿಲ್ಲ. ಹತ್ತರಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ನಪಾಸಾಗಿ, ಇಷ್ಟೇ ನನ್ನ ಹಣೆಬರಹ ಎಂದು ಕೈಚೆಲ್ಲಿದವನು ಬಂದರೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾನೆ. ಇಂದಿನ ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಅಂದು ಒಂದು ಬೇಸಿಗೆಯ ಫಲಿತಾಂಶ ಎಷ್ಟೋ ಜನರ ಬದುಕನ್ನೇ ಎರಡು ಸೀಳು ಮಾಡಿತು. ಪಾಸಾದವರು ಸೇರಿ ಪಾಸು ಮಾಡಿಸಿದವರನ್ನು ಸನ್ಮಾನಿಸುವ ಸಭೆಯಲ್ಲಿ ನಪಾಸಿನ ಲೆಕ್ಕ ಯಾರೂ ಕೇಳುವುದಿಲ್ಲ. ಕೇಳುವವರು ಒಬ್ಬರೇ, ಮೇಷ್ಟ್ರು. ಫಲಕ ಪಡೆದು ಕುಳಿತ ಮೇಲೆ ಪಕ್ಕದವನನ್ನು ಮೆಲ್ಲಗೆ ಕರೆದು, ಕೊನೆಯ ಬೆಂಚಿನ ಇಂಥವನು ಬರಲಿಲ್ಲವೇನಯ್ಯಾ ಎಂದು ವಿಚಾರಿಸುವುದನ್ನು ನಾವೆಲ್ಲ ನೋಡಿದ್ದೇವೆ. ತರಗತಿಯಲ್ಲಿ ಮೊದಲಿಗನ ಹೆಸರು ಶಾಲೆಯ ಬೋರ್ಡಿನ ಮೇಲಿರುತ್ತದೆ. ಕೈತಪ್ಪಿದವನ ಹೆಸರು ಮೇಷ್ಟ್ರ ಎದೆಯೊಳಗಿರುತ್ತದೆ.

ಇತ್ತೀಚಿನ ಹತ್ತು ವರ್ಷಗಳು ಈ ಲೆಕ್ಕವನ್ನು ಇನ್ನಷ್ಟು ಕಠಿಣಗೊಳಿಸಿವೆ. 2015ರಲ್ಲಿ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ನಾಡಿನ ಮಕ್ಕಳು ಬರೆದ ಎಷ್ಟೋ ಪುಸ್ತಕಗಳಿಗೆ ಹಾಳೆ ಒದಗಿಸಿದ ಊರಿನಲ್ಲಿ ಹಾಳೆಯ ಯಂತ್ರ ನಿಂತಿತು, ನೌಕರರು ಸ್ವಯಂ ನಿವೃತ್ತಿ ಪಡೆದು ಕ್ವಾರ್ಟರ್ಸ್ ಖಾಲಿ ಮಾಡಿದರು. 2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ಸರಿಯಾಗಿ ನೂರು ವರ್ಷವಾದಾಗ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅವರಲ್ಲಿ ಬಹಳ ಮಂದಿ ಇದೇ ಊರಿನ ಶಾಲೆಗಳಲ್ಲಿ ಕಲಿತವರು, ಊರು ಬಿಡದೆ ಉಳಿದವರು. ಮುಂದಿನ ತಿಂಗಳು, ಫೆಬ್ರುವರಿ 27ರಂದು, ಎರಡು ಊರುಗಳ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರು. ದೂರ ಹೋದ ಶಿಷ್ಯ ಗುರುವಂದನೆಗೆ ಈಗ ವಿಮಾನದಲ್ಲೇ ಬಂದಿಳಿಯಬಹುದು. ಉಳಿದ ಶಿಷ್ಯನ ಪಾಲಿಗೆ ನಾಳಿನ ಕೂಲಿಯೂ ಖಾತ್ರಿಯಿರಲಿಲ್ಲ. ಹೋರಾಟದ ಫಲವಾಗಿ ಅದೇ ವರ್ಷ ಬಾರ್ ಮಿಲ್ ಮತ್ತೆ ಚಾಲೂ ಆಯಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಪುನಶ್ಚೇತನದ ಮಾತು ಕೊಟ್ಟರು. ಕೊಟ್ಟ ಮಾತುಗಳ ಪಟ್ಟಿಗೆ ಅದೂ ಸೇರಿದೆ. ಈಡೇರಿದವುಗಳ ಪಟ್ಟಿಗೆ ಸೇರಲಿ ಎಂದು ಊರು ಕಾಯುತ್ತಿದೆ.

ಗಳಿಸಿದ್ದು ಎಷ್ಟು, ಕಳೆದದ್ದು ಎಷ್ಟು? ಓದು ಅಪ್ಪನ ದರ್ಜೆಯ ಬೇಲಿ ದಾಟಿಸಿತು, ಹೆಣ್ಣುಮಕ್ಕಳನ್ನು ಮುಂದಿನ ಸಾಲಿಗೆ ತಂದಿತು, ಬೆತ್ತವನ್ನು ಕೆಳಗಿಡಿಸಿತು. ಇವು ಶಾಲೆಯ ಗೆಲುವುಗಳು. ಕಲಿತವರಿಗೆ ಕಲಿತ ಊರಿನಲ್ಲೇ ಬಾಳುವ ಅವಕಾಶ ಇಲ್ಲವಾಯಿತು. ಇದು ಊರಿನ ಸೋಲು, ಊರನ್ನು ಆಳಿದವರ ಸೋಲು. ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿ ತೂಗಬಾರದು. ಮೇಷ್ಟ್ರು ತಮ್ಮ ಮಾತು ಉಳಿಸಿಕೊಂಡಿದ್ದಾರೆ. ಉಳಿಸಿಕೊಳ್ಳದವರು ಬೇರೆಯವರು, ಅವರನ್ನು ಯಾರೂ ಸಭೆಗೆ ಕರೆದು ಲೆಕ್ಕ ಕೇಳುತ್ತಿಲ್ಲ. ಇಷ್ಟು ಜನ ಹಳೆಯ ವಿದ್ಯಾರ್ಥಿಗಳು, ಇಷ್ಟು ಕಡೆ, ಇಷ್ಟು ಪ್ರೀತಿಯಿಂದ ಸೇರುತ್ತಿರುವಾಗ ಆ ಪ್ರಶ್ನೆ ಅಲ್ಲಿಂದಲೇ ಏಳಬೇಕಲ್ಲವೇ? ಹಳೆಯ ವಿದ್ಯಾರ್ಥಿಗಳನ್ನು ಸರ್ಕಾರಿ ಶಾಲೆಗಳ ಜೊತೆ ಜೋಡಿಸಲೆಂದು ರಾಜ್ಯ ಸರ್ಕಾರ 'ನಮ್ಮ ಶಾಲೆ ನಮ್ಮ ಜವಾಬ್ದಾರಿ' ಎಂಬ ಕಾರ್ಯಕ್ರಮ ತಂದಿದೆ. ಬೆಂಚು, ಬಣ್ಣ, ಕಂಪ್ಯೂಟರ್ ಕೊಡುವುದು ಒಳ್ಳೆಯದೇ. ಆದರೆ ಜವಾಬ್ದಾರಿ ಕಾಂಪೌಂಡಿನ ಒಳಗೇ ಮುಗಿಯುವುದಲ್ಲ. ಆ ಬೆಂಚಿನ ಮೇಲೆ ಕುಳಿತು ಎದ್ದವನಿಗೆ ಹೊರಗೆ ಏನಿದೆ ಎಂಬುದೂ ಅದರ ಭಾಗವೇ.

ಗುರುವಂದನೆಗೆ ಹೊರಟಿರುವ ಗುಂಪುಗಳಿಗೆ ನಮ್ಮ ಸಲಹೆ ಒಂದೇ. ಹೆಸರುಗಳನ್ನು ಫೋನಿನಿಂದ ಮಾತ್ರ ಕಲೆಹಾಕಬೇಡಿ. ಶಾಲೆಗೆ ಹೋಗಿ ಕೇಳಿ, ಹಳೆಯ ಅಡ್ಮಿಷನ್ ರಿಜಿಸ್ಟರು ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುತ್ತದೆ. ನಿಮ್ಮ ವರ್ಷ ಒಂದನೆಯ ತರಗತಿಗೆ ಸೇರಿದವರೆಲ್ಲರ ಹೆಸರೂ ತಂದೆಯ ಕಸುಬೂ ಮನೆಯ ವಿಳಾಸವೂ ಅದರಲ್ಲಿವೆ. ಆ ಪಟ್ಟಿಯಿಂದ ಕರೆಯಿರಿ. ಹತ್ತು ದಾಟಿದವರನ್ನೂ ದಾಟದವರನ್ನೂ ಕರೆಯಿರಿ, ಧರಣಿಯ ಪೆಂಡಾಲಿನಲ್ಲಿ ಕುಳಿತಿದ್ದವರನ್ನೂ ಕರೆಯಿರಿ. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಯಾಕೆ ಊರು ಬಿಟ್ಟರು, ಯಾಕೆ ಶಾಲೆ ಬಿಟ್ಟರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೇಷ್ಟ್ರಿಗೆ ಕೊಡುವ ಶಾಲಿನ ಜೊತೆ ಅದನ್ನೂ ಕೊಡಿ, ಒಂದು ಪ್ರತಿಯನ್ನು ಶಾಸಕರಿಗೂ ಸಂಸದರಿಗೂ ಕಳಿಸಿ. ಭದ್ರಾವತಿಗೆ ಕೊಟ್ಟ ಮಾತುಗಳು ಏನಾದವು ಎಂದು ಕೇಳಲು ಇದಕ್ಕಿಂತ ಗಟ್ಟಿಯಾದ ಅರ್ಜಿಯನ್ನು ಯಾವ ಸಮಿತಿಯೂ ಬರೆದುಕೊಡಲಾರದು.